ಓವನ್ನಿನಲ್ಲಿಟ್ಟ ಎಸ್‌ಬಿಆರ್ ಗಟ್ಟಿಯಾಯಿತು, ಹಳೆ ಟ್ಯೂಬು ಮೆತ್ತಗಾಯಿತು: ಯಾಕೆ?

ಪ್ರಶ್ನೆ: ನಮ್ಮದು ಚಿಕ್ಕ ರಬ್ಬರ್ ಮೋಲ್ಡಿಂಗ್ ಘಟಕ. ಎಸ್‌ಬಿಆರ್ (ಸ್ಟೈರೀನ್-ಬ್ಯುಟಾಡೈನ್) ಎಂಬ ಸಿಂಥೆಟಿಕ್ ರಬ್ಬರಿನಿಂದ ನೆಲಕ್ಕೆ ಹಾಸುವ ಮ್ಯಾಟು, ಎಣ್ಣೆ ತಡೆಯುವ ನೈಟ್ರೈಲ್ ರಬ್ಬರಿನಿಂದ ಗ್ಯಾಸ್ಕೆಟ್ ಮಾಡುತ್ತೇವೆ. ಅಚ್ಚಿನ ಅಂಚಿನಲ್ಲಿ ಉಳಿಯುವ ಫ್ಲ್ಯಾಶ್, ಸರಿಯಾಗಿ ಬಾರದ ತುಂಡುಗಳು ಮೂಟೆಗಟ್ಟಲೆ ರಾಶಿ ಬಿದ್ದಿವೆ. "ಪ್ಲಾಸ್ಟಿಕ್ಕಿನ ಹಾಗೇ ರಬ್ಬರೂ ಕರಗುತ್ತೆ, ಸರಿಯಾದ ಉಷ್ಣತೆ ಗೊತ್ತಿರಬೇಕು ಅಷ್ಟೇ" ಎಂದು ಪರಿಚಯದವರು ಹೇಳಿದರು. ಓವನ್ನಿನಲ್ಲಿ 200 ಡಿಗ್ರಿಗೆ ಇಟ್ಟು ನೋಡಿದೆವು. ಮೊದಮೊದಲು ಸ್ವಲ್ಪ ಮೆತ್ತಗಾದಂತೆ ಕಂಡಿತು. ಕೆಲವು ಗಂಟೆ ಕಳೆಯುವಷ್ಟರಲ್ಲಿ ಮ್ಯಾಟಿನ ತುಂಡು ಬಾಗಿಸಿದರೆ ಮುರಿಯುವಷ್ಟು ಗಟ್ಟಿಯಾಗಿತ್ತು. ಗ್ಯಾಸ್ಕೆಟ್ ತುಂಡಿನ ಕಥೆಯೂ ಅದೇ. ಆದರೆ ಅದೇ ಟ್ರೇಯಲ್ಲಿದ್ದ ಹಳೆ ಟ್ಯೂಬಿನ ತುಂಡು ಮಾತ್ರ ಅಂಟಂಟಾಗಿ, ಮೆತ್ತಗೆ ಆಗಿತ್ತು. ಒಂದೇ ಓವನ್, ಒಂದೇ ಬಿಸಿ, ಹೀಗೇಕೆ? ಕೊಳೆತ ಮೊಟ್ಟೆಯ ವಾಸನೆಯೂ ಬಂತು. ಈಗ ಒಬ್ಬರು ರಿಕ್ಲೇಮ್ ಯಂತ್ರ (ಹಳೆ ರಬ್ಬರನ್ನು ಮತ್ತೆ ಬಳಸುವಂತೆ ಮಾಡುವ ಯಂತ್ರ) ಮಾರಲು ಬಂದಿದ್ದಾರೆ, ಬಿಸಿಯಿಂದಲೇ ರಬ್ಬರು ಹೊಸದರಂತೆ ಆಗುತ್ತದೆ ಎನ್ನುತ್ತಾರೆ. ನಂಬಬಹುದೇ? ಎಷ್ಟು ಡಿಗ್ರಿ ಇಡಬೇಕು?

ಉತ್ತರ: ನೀವು ಆ ಟ್ಯೂಬಿನ ತುಂಡನ್ನೂ ಟ್ರೇಯಲ್ಲಿ ಇಟ್ಟದ್ದು ಒಳ್ಳೆಯದೇ ಆಯಿತು. ನಿಮ್ಮ ಪ್ರಶ್ನೆಯ ಅರ್ಧ ಉತ್ತರ ಅದರಲ್ಲೇ ಇದೆ. ನಿಮ್ಮ ಓವನ್ ಕೆಟ್ಟಿಲ್ಲ, ಉಷ್ಣತೆ ಹೆಚ್ಚು ಕಮ್ಮಿ ಆಗಿದ್ದರಿಂದ ಹೀಗಾದದ್ದೂ ಅಲ್ಲ. ಎಸ್‌ಬಿಆರ್ ಮತ್ತು ನೈಟ್ರೈಲ್ ಬಿಸಿ ಗಾಳಿಯಲ್ಲಿ ಹೀಗೇ ಗಟ್ಟಿಯಾಗುವ ರಬ್ಬರುಗಳು. ಟ್ಯೂಬು ಬಹುಶಃ ಬ್ಯೂಟೈಲ್ ಎಂಬ ಬೇರೆ ಬಗೆಯ ಸಿಂಥೆಟಿಕ್ ರಬ್ಬರು. ಅದರ ಸ್ವಭಾವ ತಲೆಕೆಳಗು.

ಮೊದಲು ಆ "ಕರಗುತ್ತೆ" ಅನ್ನುವ ಮಾತನ್ನು ನೋಡೋಣ. ಪಾಲಿಥೀನಿನಂಥ ಪ್ಲಾಸ್ಟಿಕ್ಕಿನಲ್ಲಿ ಉದ್ದುದ್ದ ಅಣುಸರಪಳಿಗಳು ಒಂದರ ಪಕ್ಕ ಒಂದು ಸುಮ್ನೆ ಬಿದ್ದಿರುತ್ತವೆ. ಬಿಸಿ ಮಾಡಿದರೆ ಜಾರುತ್ತವೆ, ತಣಿಸಿದರೆ ನಿಲ್ಲುತ್ತವೆ. ಕ್ಯೂರ್ ಆಗದ, ಅಂದರೆ ಇನ್ನೂ ಬೇಯಿಸಿ ಗಟ್ಟಿ ಮಾಡದ ಹಸಿ ರಬ್ಬರೂ ಹೆಚ್ಚುಕಡಿಮೆ ಹಾಗೇ. ಆದರೆ 1839ರಲ್ಲಿ ಚಾರ್ಲ್ಸ್ ಗುಡ್‌ಇಯರ್ ಗಂಧಕ ಸೇರಿಸಿ ಬಿಸಿ ಮಾಡಿದ ರಬ್ಬರು ಬೇಸಿಗೆಯಲ್ಲಿ ಅಂಟಾಗುವುದಿಲ್ಲ, ಚಳಿಗೆ ಸೆಟೆಯುವುದಿಲ್ಲ ಎಂದು ಕಂಡುಕೊಂಡದ್ದು ಇದೇ ಜಾರುವಿಕೆಯನ್ನು ನಿಲ್ಲಿಸುವ ದಾರಿಯನ್ನು. ಗಂಧಕದ ಪರಮಾಣುಗಳು ಒಂದು ಸರಪಳಿಯಿಂದ ಇನ್ನೊಂದಕ್ಕೆ ಅಡ್ಡ ಕೊಂಡಿ ಹಾಕುತ್ತವೆ. ನಿಮ್ಮ ಮ್ಯಾಟಿನ ಕಾಂಪೌಂಡಿನಲ್ಲಿ, ಅಂದರೆ ರಬ್ಬರ್ ಮಿಶ್ರಣದಲ್ಲಿ, 100 ಭಾಗ ರಬ್ಬರಿಗೆ ಸುಮಾರು 2 ಭಾಗ ಗಂಧಕ ಹಾಕುತ್ತಿರಬಹುದು. ಅಷ್ಟು ಸಾಕು, ಇಡೀ ಮ್ಯಾಟು ಒಂದೇ ಹೆಣೆದ ಜಾಲವಾಗುತ್ತದೆ. ಅದು ಕರಗುವುದಿಲ್ಲ. ಎಷ್ಟು ಬಿಸಿ ಮಾಡಿದರೂ ಮುರಿಯುತ್ತದೆ, ಸುಡುತ್ತದೆ, ಕರಗುವುದಂತೂ ಇಲ್ಲ.

ಹಾಗಾದರೆ ಆ ಅಡ್ಡ ಕೊಂಡಿಗಳನ್ನು ಮಾತ್ರ ಬಿಸಿಯಿಂದ ಮುರಿದು ಸರಪಳಿಗಳನ್ನು ಉಳಿಸಿಕೊಳ್ಳಬಹುದಲ್ವಾ? ಇಡೀ ರಿಕ್ಲೇಮ್ ಉದ್ಯಮ ನಿಂತಿರುವುದು ಈ ಪ್ರಶ್ನೆಯ ಮೇಲೆ. ಮೀನಿನ ಬಲೆಯನ್ನು ನೆನೆಸಿಕೊಳ್ಳಿ. ಗಂಟುಗಳನ್ನಷ್ಟೇ ಬಿಚ್ಚಿದರೆ ಉದ್ದ ದಾರ ಮರಳಿ ಸಿಗುತ್ತದೆ. ಕತ್ತರಿ ಆಡಿಸಿದರೆ ಗಂಟಿನ ಜೊತೆ ದಾರವೂ ತುಂಡಾಗುತ್ತದೆ, ಕೈಗೆ ಸಿಗುವುದು ಚೂರುಗಳು. ಬಿಸಿ ಈ ಎರಡರ ನಡುವೆ ಎಲ್ಲೋ ಇದೆ.

ಅಂಕಿಗಳಲ್ಲಿ ಹೇಳಬೇಕೆಂದರೆ, ಕಾರ್ಬನ್‌ಗೆ ಕಾರ್ಬನ್ ಕಟ್ಟಿದ ಕೊಂಡಿ ಮುರಿಯಲು ಮೋಲ್‌ಗೆ ಸುಮಾರು 350 ಕಿಲೋಜೌಲ್ ಬೇಕು. ನಡುವೆ ಒಂದೇ ಗಂಧಕವಿರುವ ಅಡ್ಡ ಕೊಂಡಿಗೆ ಸುಮಾರು 285, ಎರಡು ಗಂಧಕವಿದ್ದರೆ ಸುಮಾರು 268. ಗಂಧಕದ ಸಾಲು ಇನ್ನೂ ಉದ್ದವಿದ್ದರೆ ಅದಕ್ಕಿಂತಲೂ ಕಮ್ಮಿ. ಅಂದರೆ ಉದ್ದ ಗಂಧಕದ ಕೊಂಡಿ ಮೊದಲು ಹೋಗಬೇಕು, ಸರಪಳಿ ಕೊನೆಗೆ. ಕಾಗದದ ಮೇಲೆ ಅಂತರ ಚೆನ್ನಾಗಿಯೇ ಕಾಣುತ್ತದೆ. ಆದರೆ ಎಸ್‌ಬಿಆರ್, ನೈಟ್ರೈಲ್‌ಗಳ ಸರಪಳಿಯಲ್ಲಿ ಜೋಡಿಬಂಧಗಳಿವೆ (ಎರಡು ಕಾರ್ಬನ್ ನಡುವೆ ಎರಡು ಬಂಧ). ಅವುಗಳ ಅಕ್ಕಪಕ್ಕದ ಕಾರ್ಬನ್ ಕೊಂಡಿಗಳು ಮಾಮೂಲಿಗಿಂತ ದುರ್ಬಲ. ಹಾಗಾಗಿ ನಿಜವಾದ ಅಂತರ ಇನ್ನೂ ಕಿರಿದು. ಗಂಧಕದ ಕೊಂಡಿ ಮುರಿಯುವಷ್ಟು ಬಿಸಿ ಕೊಟ್ಟಾಗ ಸರಪಳಿಗೂ ಪೆಟ್ಟು ಬೀಳುತ್ತದೆ.

ಇನ್ನೊಂದು ತೊಡಕಿದೆ. ಇದನ್ನು ಯಂತ್ರ ಮಾರುವವರು ಹೇಳುವುದು ಕಮ್ಮಿ. ಮುರಿದ ಗಂಧಕದ ತುದಿಗಳು ಸುಮ್ಮನಿರುವುದಿಲ್ಲ. ಅವು ಮತ್ತೆ ಯಾವುದಾದರೂ ಸರಪಳಿಯನ್ನು ಹುಡುಕಿ ಕಚ್ಚಿಕೊಳ್ಳುತ್ತವೆ. ಆಗ ಉದ್ದ ಗಂಧಕದ ಒಂದು ಕೊಂಡಿಯ ಜಾಗದಲ್ಲಿ ಗಿಡ್ಡನೆಯ, ಹೆಚ್ಚು ಗಟ್ಟಿಯಾದ ಕೊಂಡಿಗಳು ಹುಟ್ಟುತ್ತವೆ. ಜಾಸ್ತಿ ಹೊತ್ತು ಬಿಸಿ ಮಾಡಿದಷ್ಟೂ ಬಿಡಿಸುವ ಕೆಲಸ ಕಷ್ಟವಾಗುತ್ತಾ ಹೋಗುತ್ತದೆ. ನಿಮ್ಮ ಕಾಂಪೌಂಡಿನಲ್ಲಿ ಗಂಧಕ ಕಮ್ಮಿ ಮತ್ತು ಆಕ್ಸಿಲರೇಟರ್ (ಕ್ಯೂರ್ ಬೇಗ ಮಾಡಿಸುವ ರಾಸಾಯನಿಕ) ಜಾಸ್ತಿ ಇದ್ದರೆ ಮೊದಲಿನಿಂದಲೇ ಇಂಥ ಗಿಡ್ಡ ಕೊಂಡಿಗಳೇ ತುಂಬಿರುತ್ತವೆ. ಪೆರಾಕ್ಸೈಡ್‌ನಿಂದ ಕ್ಯೂರ್ ಮಾಡಿದ ಮಾಲಾದರೆ ಅಡ್ಡ ಕೊಂಡಿಯೂ ಕಾರ್ಬನ್-ಕಾರ್ಬನ್, ಸರಪಳಿಯೂ ಅದೇ. ಅಲ್ಲಿ ಕೊಂಡಿಯನ್ನಷ್ಟೇ ಆರಿಸಿ ಮುರಿಯಲು ಬಿಸಿಗೆ ಸಾಧ್ಯವೇ ಇಲ್ಲ.

ಈಗ ನಿಮ್ಮ ಟ್ರೇಗೆ ಬರೋಣ.

ನೈಸರ್ಗಿಕ ರಬ್ಬರು ಮತ್ತು ಬ್ಯೂಟೈಲ್ ಬಿಸಿಯಲ್ಲಿ ಮುಖ್ಯವಾಗಿ ತುಂಡಾಗುತ್ತವೆ. ಸರಪಳಿ ಗಿಡ್ಡವಾಗುತ್ತದೆ, ರಬ್ಬರು ಮೆತ್ತಗಾಗುತ್ತದೆ, ಅಂಟಾಗುತ್ತದೆ. ಬ್ಯೂಟೈಲ್‌ನಲ್ಲಿ ಜೋಡಿಬಂಧಗಳೇ ತೀರಾ ಕಮ್ಮಿ, ಹಾಗಾಗಿ ಮುರಿದ ತುದಿಗೆ ಹೋಗಿ ಕಚ್ಚಿಕೊಳ್ಳಲು ಜಾಗ ಸಿಗುವುದಿಲ್ಲ. ಎಸ್‌ಬಿಆರ್ ಮತ್ತು ನೈಟ್ರೈಲ್‌ನಲ್ಲಿ ಬ್ಯುಟಾಡೈನ್ ಭಾಗ ಹೆಚ್ಚು. ಅಲ್ಲಿ ಎರಡು ಕೆಲಸ ಒಟ್ಟಿಗೆ ನಡೆಯುತ್ತವೆ. ಒಂದು ಕಡೆ ಮುರಿಯುವುದು, ಇನ್ನೊಂದು ಕಡೆ ಮುರಿದ ತುದಿ ಪಕ್ಕದ ಸರಪಳಿಯ ಜೋಡಿಬಂಧಕ್ಕೆ ಅಂಟಿ ಹೊಸ ಕೊಂಡಿ ಹುಟ್ಟುವುದು. ಶುರುವಿನಲ್ಲಿ ಮುರಿಯುವುದು ಮುಂದಿರುತ್ತದೆ. ನೀವು ಕಂಡ ಆ ಸ್ವಲ್ಪ ಮೆತ್ತಗಿನ ಹಂತ ಅದೇ. ಆಮೇಲೆ ಕಟ್ಟುವುದು ಗೆಲ್ಲುತ್ತದೆ. ಗಾಳಿಯ ಆಮ್ಲಜನಕ ಸೇರಿದರೆ ಇನ್ನೂ ಬೇಗ. ಉಷ್ಣತೆ ಏರಿಸಿದರೆ ಆ ಗಟ್ಟಿಯಾಗುವ ಹಂತವೇ ಮುಂಚೆ ಬರುತ್ತದೆ. ಹಾಗಾಗಿ "ಎಷ್ಟು ಡಿಗ್ರಿ?" ಎಂಬ ನಿಮ್ಮ ಪ್ರಶ್ನೆಗೆ ನನ್ನ ನೇರ ಉತ್ತರ ಇದು: ತೆರೆದ ಓವನ್ನಿನಲ್ಲಿ, ಗಾಳಿಯಲ್ಲಿ, ಬಿಸಿ ಒಂದನ್ನೇ ನಂಬಿಕೊಂಡರೆ ಎಸ್‌ಬಿಆರ್‌ಗೆ ಸರಿಹೊಂದುವ ಡಿಗ್ರಿ ಇಲ್ಲ.

ಈ ಸಮಸ್ಯೆ ನಿಮ್ಮೊಬ್ಬರದಲ್ಲ. ಪುಡಿ ಮಾಡಿದ ರಬ್ಬರಿಗೆ ಹಬೆ ಕೊಟ್ಟು ಮೆತ್ತಗಾಗಿಸುವ ವಿಧಾನಕ್ಕೆ ಹಿರಮ್ ಹಾಲ್ ಪೇಟೆಂಟ್ ಪಡೆದದ್ದು 1858ರಲ್ಲಿ. ಕಾಸ್ಟಿಕ್ ಸೋಡಾ ದ್ರಾವಣದಲ್ಲಿ ಬೇಯಿಸುವ ಆರ್ಥರ್ ಮಾರ್ಕ್ಸ್ ಅವರ ವಿಧಾನ ಬಂದದ್ದು 1899ರಲ್ಲಿ. ಬಟ್ಟೆಯ ಎಳೆಗಳನ್ನೂ ಸೋಡಾ ಕರಗಿಸುತ್ತಿದ್ದರಿಂದ ಅದು ತುಂಬಾ ಕಾಲ ನಡೆಯಿತು. ಇವೆರಡೂ ನೈಸರ್ಗಿಕ ರಬ್ಬರಿನ ಕಾಲದವು. ಎರಡನೇ ಮಹಾಯುದ್ಧದಲ್ಲಿ ಟೈರುಗಳು ಎಸ್‌ಬಿಆರ್‌ಗೆ ತಿರುಗಿದಾಗ ಅದೇ ಕಾಸ್ಟಿಕ್ ವಿಧಾನದಲ್ಲಿ ಮಾಲು ಮೆತ್ತಗಾಗುವ ಬದಲು ಗಟ್ಟಿಯಾಗತೊಡಗಿತು. ಕಾಸ್ಟಿಕ್ ಬಿಟ್ಟು ಸತು ಅಥವಾ ಕ್ಯಾಲ್ಸಿಯಂ ಕ್ಲೋರೈಡಿನ ದ್ರಾವಣಕ್ಕೆ ಹೋದರು. ಎಣ್ಣೆ ಮತ್ತು ರಿಕ್ಲೇಮಿಂಗ್ ಏಜೆಂಟುಗಳ (ಕೊಂಡಿ ಬಿಡಿಸಲು ನೆರವಾಗುವ ರಾಸಾಯನಿಕಗಳ) ಮೇಲೆ ಜಾಸ್ತಿ ಗಮನ ಕೊಟ್ಟರು. ನೀವು ಒಂದು ಟ್ರೇಯಲ್ಲಿ ಕಂಡದ್ದನ್ನೇ ಅವರು ರಬ್ಬರು ಬೇಯಿಸುವ ದೊಡ್ಡ ಪಾತ್ರೆಗಳಾದ ಡೈಜೆಸ್ಟರುಗಳಲ್ಲಿ ಕಂಡಿದ್ದರು.

ನಿಮ್ಮ ಪ್ರಯೋಗದಲ್ಲಿ ಮತ್ತೂ ಒಂದು ಅಡ್ಡಿ ಇತ್ತು, ತುಂಡಿನ ದಪ್ಪ. ರಬ್ಬರಿನಲ್ಲಿ ಬಿಸಿ ತೀರಾ ನಿಧಾನವಾಗಿ ಹರಿಯುತ್ತದೆ, ಉಕ್ಕಿನ ನೂರರಲ್ಲಿ ಒಂದು ಪಾಲಿಗಿಂತಲೂ ಕಮ್ಮಿ. ದಪ್ಪ ತುಂಡಿನ ಹೊರಮೈ ಕೆಟ್ಟುಹೋದರೂ ಒಳಗೆ ಇನ್ನೂ ಏನೂ ಆಗಿರುವುದಿಲ್ಲ. ಅದಕ್ಕೇ ರಿಕ್ಲೇಮ್ ಮಾಡುವ ಯಾರೇ ಆಗಲಿ ಮೊದಲು ಪುಡಿ ಮಾಡುತ್ತಾರೆ.

ಈಗ ರಿಕ್ಲೇಮ್ ಯಂತ್ರದ ಮಾತು. ಬಿಸಿಯಿಂದ ರಿಕ್ಲೇಮ್ ಮಾಡುವುದು ಸುಳ್ಳೇನಲ್ಲ, ಆಗುವ ಕೆಲಸವೇ. ಆದರೆ ಅಲ್ಲಿ ಬಿಸಿ ಒಂಟಿಯಾಗಿ ಕೆಲಸ ಮಾಡುವುದಿಲ್ಲ. ಹಳೆಯ ಮಾದರಿಯ ಆಟೋಕ್ಲೇವಿನಲ್ಲಿ (ಒತ್ತಡದ ಪಾತ್ರೆಯಲ್ಲಿ) ನುಣ್ಣಗೆ ಪುಡಿ ಮಾಡಿದ ರಬ್ಬರಿಗೆ ಎಣ್ಣೆ ಮತ್ತು ಡೈಫಿನೈಲ್ ಡೈಸಲ್ಫೈಡ್‌ನಂಥ ಏಜೆಂಟ್ ಬೆರೆಸಿ, ಹಬೆಯಲ್ಲಿ ಸುಮಾರು 180ರಿಂದ 200 ಡಿಗ್ರಿಯಲ್ಲಿ ಗಂಟೆಗಟ್ಟಲೆ ಇಡುತ್ತಾರೆ. ಏಜೆಂಟಿನ ಕೆಲಸ ಮುಖ್ಯ. ಮುರಿದ ತುದಿ ಇನ್ನೊಂದು ಸರಪಳಿಯನ್ನು ಕಚ್ಚುವ ಮೊದಲೇ ಅದು ಹೋಗಿ ಆ ತುದಿಯನ್ನು ಮುಚ್ಚುತ್ತದೆ. ಎಣ್ಣೆ ಜಾಲವನ್ನು ಉಬ್ಬಿಸಿ ಏಜೆಂಟಿಗೆ ಒಳದಾರಿ ಮಾಡಿಕೊಡುತ್ತದೆ. ಹಬೆ ಗಾಳಿಯನ್ನು ಹೊರಗಿಡುತ್ತದೆ. ಈ ಮೂರರಲ್ಲಿ ಒಂದು ತಪ್ಪಿದರೂ ಎಸ್‌ಬಿಆರ್ ನಿಮ್ಮ ಓವನ್ನಿನ ದಾರಿಯನ್ನೇ ಹಿಡಿಯುತ್ತದೆ. ಇಷ್ಟೆಲ್ಲ ಆದ ಮೇಲೂ ಮಿಲ್‌ನಲ್ಲಿ (ಎರಡು ರೋಲುಗಳ ನಡುವೆ) ಕಡೆದು, ಜರಡಿ ಹಿಡಿದು, ಹಾಳೆ ಮಾಡಬೇಕು.

ಟ್ವಿನ್ ಸ್ಕ್ರೂ ಎಕ್ಸ್‌ಟ್ರೂಡರ್ ಇದಕ್ಕಿಂತ ಮುಂದಿನ ಹೆಜ್ಜೆ. ಅಲ್ಲಿ ಬಿಸಿಯ ಜೊತೆ ಸ್ಕ್ರೂಗಳ ಎಳೆದಾಟವೂ ಇರುತ್ತದೆ, ಕೆಲಸ ಕೆಲವೇ ನಿಮಿಷಗಳಲ್ಲಿ ಮುಗಿಯುತ್ತದೆ. ಎಸ್‌ಬಿಆರ್‌ನಂಥ ರಬ್ಬರಿಗೆ ಬೇಕಾದದ್ದು ಇದೇ, ಕಟ್ಟುವ ಹಂತ ಗೆಲ್ಲುವ ಮೊದಲೇ ಮಾಲು ಹೊರಗೆ ಬಂದು ತಣಿಯಬೇಕು. ಬಿಸಿ ಮಾಲು ಗಾಳಿಗೆ ತೆರೆದುಕೊಳ್ಳದಂತೆ ತಣಿಸುವ ವ್ಯವಸ್ಥೆ ಇದೆಯೇ ಎಂದು ನಾನಾದರೆ ಮೊದಲು ನೋಡುತ್ತೇನೆ. ಚೆನ್ನಾಗಿ ಬಿಡಿಸಿದ ಮಾಲು ಹೊರಬಾಗಿಲಲ್ಲಿ ಕೆಟ್ಟುಹೋಗುವುದು ಸಾಮಾನ್ಯ. ಮೈಕ್ರೋವೇವ್, ಅಲ್ಟ್ರಾಸೌಂಡ್ ವಿಧಾನಗಳೂ ಇವೆ, ಆದರೆ ನಿಮ್ಮ ಗಾತ್ರದ ಘಟಕ ಅವುಗಳ ಯೋಚನೆ ಮಾಡುವ ಅಗತ್ಯವಿಲ್ಲ.

ಯಂತ್ರ ಮಾರುವವರು ತೋರಿಸುವ ಮೆತ್ತನೆಯ ಹಾಳೆಯನ್ನು ನೋಡಿ ತೀರ್ಮಾನಕ್ಕೆ ಬರಬೇಡಿ ಎಂದು ಒತ್ತಿ ಹೇಳುತ್ತೇನೆ. ಮೆತ್ತಗಿರುವುದು ಬೇರೆ, ಕೊಂಡಿ ಬಿಟ್ಟಿರುವುದು ಬೇರೆ. ಎಣ್ಣೆ ಸುರಿದರೂ ರಬ್ಬರು ಮೆತ್ತಗಾಗುತ್ತದೆ. ಸರಪಳಿಯನ್ನು ಚೂರು ಮಾಡಿದರೂ ಮೆತ್ತಗಾಗುತ್ತದೆ. ಎರಡೂ ಮಿಲ್‌ನಲ್ಲಿ ಚೆನ್ನಾಗಿಯೇ ಸುತ್ತಿಕೊಳ್ಳುತ್ತವೆ. ಸೋಲುವುದು ಮತ್ತೆ ಕ್ಯೂರ್ ಮಾಡಿ ಎಳೆದು ನೋಡಿದಾಗ. ಪ್ರಯೋಗಾಲಯದಲ್ಲಿ ಇದನ್ನು ಹಿಡಿಯಲು ಒಂದು ಒಳ್ಳೆಯ ದಾರಿ ಇದೆ. ಮಾಲಿನ ಎಣ್ಣೆಯನ್ನು ಅಸಿಟೋನಿನಲ್ಲಿ ತೆಗೆದು, ಆಮೇಲೆ ಟಾಲುಯೀನ್ ಎಂಬ ದ್ರಾವಕದಲ್ಲಿ ನೆನೆಸಿ ಎಷ್ಟು ಪಾಲು ಕರಗಿ ಹೋಯಿತು, ಉಳಿದ ಜಾಲ ಎಷ್ಟು ಉಬ್ಬಿತು ಎಂದು ಅಳೆಯುತ್ತಾರೆ. ಕರಗಿದ ಪಾಲಿಗೂ ಉಳಿದ ಕೊಂಡಿಗಳ ಲೆಕ್ಕಕ್ಕೂ ಇರುವ ಸಂಬಂಧವನ್ನು 1956ರಲ್ಲಿ ಹಾರಿಕ್ಸ್ ಎಂಬ ವಿಜ್ಞಾನಿ ಕೊಟ್ಟರು. ಕೊಂಡಿ ಕಮ್ಮಿಯಾಗಿದ್ದರೂ ಕರಗಿದ ಪಾಲು ಅಷ್ಟಾಗಿ ಏರಿಲ್ಲ ಅಂದರೆ ಗಂಟು ಬಿಚ್ಚಿದೆ. ಕರಗಿದ ಪಾಲು ಬಹಳ ಏರಿ, ಕೊಂಡಿಗಳ ಲೆಕ್ಕ ಅದಕ್ಕೆ ತಕ್ಕಷ್ಟು ಇಳಿದಿಲ್ಲ ಅಂದರೆ ದಾರವೇ ತುಂಡಾಗಿದೆ. ರಬ್ಬರ್ ಪರೀಕ್ಷೆ ಮಾಡುವ ಪ್ರಯೋಗಾಲಯಗಳಿಗೆ ಇದು ಗೊತ್ತಿರುತ್ತದೆ.

ಆದ್ದರಿಂದ ಮಾರಾಟಗಾರರಿಗೆ ನಿಮ್ಮದೇ ಸ್ಕ್ರ್ಯಾಪ್ ಕೊಡಿ. ಅವರ ನಮೂನೆ ಬೇಡ. ಅನೇಕ ಪ್ರದರ್ಶನಗಳಲ್ಲಿ ಬಳಸುವುದು ನೈಸರ್ಗಿಕ ರಬ್ಬರು ಜಾಸ್ತಿ ಇರುವ ಟ್ರಕ್ ಟೈರಿನ ಪುಡಿ. ಅದು ಸುಲಭದ ಮಾಲು, ಎಸ್‌ಬಿಆರ್ ಮ್ಯಾಟಿನ ಬಗ್ಗೆ ಅದರಿಂದ ಏನೂ ತಿಳಿಯುವುದಿಲ್ಲ. ಬಂದ ರಿಕ್ಲೇಮನ್ನು ಹೊಸ ರಬ್ಬರು ಬೆರೆಸದೆ, ಗಂಧಕ ಮತ್ತು ಆಕ್ಸಿಲರೇಟರ್ ಮಾತ್ರ ಹಾಕಿ ಪ್ರೆಸ್ಸಿನಲ್ಲಿ ಹಾಳೆ ಮಾಡಿಸಿ. ಎಳೆತದ ಶಕ್ತಿ ಮತ್ತು ಹಿಗ್ಗುವಿಕೆ ಅಳೆಸಿ. "ಹೊಸದರ 90 ಪರ್ಸೆಂಟ್ ಗುಣ" ಎಂದು ಯಾರಾದರೂ ಹೇಳಿದರೆ, ಅದರಲ್ಲಿ ರಿಕ್ಲೇಮ್ ಎಷ್ಟು, ಹೊಸ ರಬ್ಬರು ಎಷ್ಟು ಎಂದು ಕೇಳಿ. ಹತ್ತು ಭಾಗ ರಿಕ್ಲೇಮ್, ತೊಂಬತ್ತು ಭಾಗ ಹೊಸದು ಹಾಕಿದರೆ ಆ ಅಂಕಿ ಬರುವುದರಲ್ಲಿ ದೊಡ್ಡ ವಿಷಯವೇನೂ ಇಲ್ಲ. ಎಣ್ಣೆ ಯಾವುದು ಎಂದೂ ಕೇಳಿ. ಹಳೆಯ ಅರೋಮ್ಯಾಟಿಕ್ ಎಣ್ಣೆಗಳಲ್ಲಿ ಕ್ಯಾನ್ಸರ್ ತರುವ ಸಂಯುಕ್ತಗಳಿವೆ ಎಂದು ಯುರೋಪಿನಲ್ಲಿ 2010ರಿಂದಲೇ ಟೈರುಗಳಿಗೆ ಮಿತಿ ಹಾಕಿದ್ದಾರೆ. ಮಕ್ಕಳು ಆಡುವ ಮ್ಯಾಟಿಗೆ ಅಂಥ ಎಣ್ಣೆ ಬೇಡವೇ ಬೇಡ.

ನಿಮ್ಮ ಜಾಗದಲ್ಲಿ ನಾನಿದ್ದರೆ ಯಂತ್ರ ಕೊಳ್ಳುವ ಮೊದಲು ಇನ್ನೊಂದು ದಾರಿ ನೋಡುತ್ತಿದ್ದೆ, ಪುಡಿ. ನಿಮ್ಮದು ಕೊಳೆ ಹಿಡಿದ, ಯಾರು ಮಾಡಿದ್ದೋ ಗೊತ್ತಿಲ್ಲದ ಹಳೆ ಟೈರಲ್ಲ. ಫ್ಲ್ಯಾಶ್ ಅಂದರೆ ನಿಮ್ಮದೇ ಕಾಂಪೌಂಡು, ಶುದ್ಧ, ಒಳಗೆ ಏನಿದೆ ಎಂದು ನಿಮಗೇ ಗೊತ್ತು. ಇದನ್ನು 40 ಮೆಶ್ ಅಥವಾ ಅದಕ್ಕಿಂತ ನುಣ್ಣಗೆ, ಅಂದರೆ 0.4 ಮಿಲಿಮೀಟರಿಗಿಂತ ಸಣ್ಣದಾಗಿ ಪುಡಿ ಮಾಡಿ ಅದೇ ಕಾಂಪೌಂಡಿಗೆ 5ರಿಂದ 10 ಭಾಗ ಬೆರೆಸಿದರೆ ಮ್ಯಾಟಿನಲ್ಲಿ ಸಾಮಾನ್ಯವಾಗಿ ತೊಂದರೆ ಕಾಣುವುದಿಲ್ಲ. ಇಲ್ಲಿ ಕೊಂಡಿ ಮುರಿಯುವ ಗೋಜೇ ಇಲ್ಲ, ಹೊಗೆಯಿಲ್ಲ, ಒತ್ತಡದ ಪಾತ್ರೆ ಇಲ್ಲ.

ಇದಕ್ಕೂ ಅದರದೇ ತಲೆನೋವುಗಳಿವೆ. ಹೊಸ ಕಾಂಪೌಂಡಿನ ಗಂಧಕ ಸ್ವಲ್ಪ ಸ್ವಲ್ಪವಾಗಿ ಹಳೆ ಕಣಗಳ ಒಳಗೆ ಹೋಗುತ್ತದೆ. ಸುತ್ತಲಿನ ರಬ್ಬರಿಗೆ ಕ್ಯೂರ್ ಸಾಲದೆ ಬರುತ್ತದೆ. ಅದೇ ಹೊತ್ತಿಗೆ ಹಳೆ ಕಣಗಳಲ್ಲಿ ಉಳಿದ ಆಕ್ಸಿಲರೇಟರ್ ಹೊರಗೆ ಬಂದು ಸ್ಕಾರ್ಚ್ ಸಮಯವನ್ನು (ಕ್ಯೂರ್ ಶುರುವಾಗುವ ಮುನ್ನ ಸಿಗುವ ಸಮಯವನ್ನು) ಕಮ್ಮಿ ಮಾಡುತ್ತದೆ. ಹಾಗಾಗಿ ಪುಡಿ ಬೆರೆಸಿದ ಬ್ಯಾಚನ್ನು ರಿಯೋಮೀಟರಿನಲ್ಲಿ (ಕ್ಯೂರ್ ಆಗುವ ಬಗೆಯನ್ನು ಗೆರೆಯಾಗಿ ತೋರಿಸುವ ಯಂತ್ರದಲ್ಲಿ) ನೋಡದೆ ಪ್ರೆಸ್ಸಿಗೆ ಹಾಕಬೇಡಿ. ಗಂಧಕ ಸ್ವಲ್ಪ ಏರಿಸಬೇಕಾಗಬಹುದು. ಪುಡಿ ದಪ್ಪವಾದಷ್ಟೂ ಮಾಲು ಸುಲಭವಾಗಿ ಬಿರಿಯುತ್ತದೆ, ಬಿರುಕು ಕಣದ ಅಂಚಿನಿಂದಲೇ ಶುರುವಾಗುತ್ತದೆ. ಮ್ಯಾಟಿಗೆ ಅದು ನಡೆಯುತ್ತದೆ, ಸೀಲ್ ಮಾಡಬೇಕಾದ ಗ್ಯಾಸ್ಕೆಟ್ಟಿಗೆ ನಡೆಯುವುದಿಲ್ಲ. ಗ್ಯಾಸ್ಕೆಟ್ಟಿನ ವಿಷಯದಲ್ಲಿ ನಾನು ತುಸು ಕಟ್ಟುನಿಟ್ಟು. ನೈಟ್ರೈಲ್ ಕಾಂಪೌಂಡಿಗೆ ಎಸ್‌ಬಿಆರ್ ಪುಡಿ ಸ್ವಲ್ಪವೂ ಸೇರಬಾರದು. ಎಣ್ಣೆ ತಾಗಿದಾಗ ನೈಟ್ರೈಲ್ ತಡೆದುಕೊಳ್ಳುತ್ತದೆ, ಎಸ್‌ಬಿಆರ್ ಉಬ್ಬುತ್ತದೆ. ಆ ಒಂದು ಕಣದ ಜಾಗದಲ್ಲೇ ಸೋರಿಕೆ ಶುರುವಾಗುತ್ತದೆ.

ಇವತ್ತೇ ಮಾಡಬಹುದಾದ, ಖರ್ಚಿಲ್ಲದ ಕೆಲಸ ಬೇರ್ಪಡಿಸುವುದು. ಎಸ್‌ಬಿಆರ್‌ಗೆ ಒಂದು ಡಬ್ಬ, ನೈಟ್ರೈಲ್‌ಗೆ ಒಂದು, ಬೇರೆ ಏನಿದ್ದರೂ ಇನ್ನೊಂದು. ಪ್ರೆಸ್ಸಿನ ಪಕ್ಕದಲ್ಲೇ ಇಡಿ. ಮೂಟೆಯಲ್ಲಿ ಕಲೆತ ಮೇಲೆ ಕಪ್ಪು ರಬ್ಬರನ್ನು ಕಣ್ಣಲ್ಲಿ ನೋಡಿ ಗುರುತಿಸಲು ಆಗುವುದಿಲ್ಲ. ಬೇರ್ಪಟ್ಟ ಸ್ಕ್ರ್ಯಾಪನ್ನು ರಿಕ್ಲೇಮ್ ಮಾಡುವವರು ಕೊಳ್ಳುತ್ತಾರೆ, ಕಲೆತದ್ದನ್ನು ಹೆಚ್ಚಿನವರು ಮುಟ್ಟುವುದಿಲ್ಲ. ಬ್ಯೂಟೈಲ್ ಟ್ಯೂಬುಗಳು ಸಿಕ್ಕರೆ ಅವನ್ನಂತೂ ಬಿಡಿಯಾಗಿಯೇ ಇಡಿ. ಬಿಸಿಯಿಂದ ರಿಕ್ಲೇಮ್ ಮಾಡಲು ಚೆನ್ನಾಗಿ ಒಗ್ಗುವ ಸಿಂಥೆಟಿಕ್ ರಬ್ಬರು ಇದು, ಹೊಸ ಟ್ಯೂಬು ಮತ್ತು ಟೈರಿನ ಒಳಪದರಕ್ಕೆ ಅದು ಮರಳಿ ಹೋಗುತ್ತದೆ. ರೆಸಿನ್‌ನಿಂದ ಕ್ಯೂರ್ ಮಾಡಿದ ಬ್ಯೂಟೈಲ್ ಮಾತ್ರ ಈ ಮಾತಿಗೆ ಹೊರತು, ಅದನ್ನು ಬಿಸಿ ತಡೆಯಲೆಂದೇ ಮಾಡಿರುತ್ತಾರೆ.

ಪೈರಾಲಿಸಿಸ್ ಬಗ್ಗೆಯೂ ಯಾರಾದರೂ ಹೇಳಿಯಾರು. ಅಲ್ಲಿ ಗಾಳಿಯಿಲ್ಲದೆ 400ರಿಂದ 600 ಡಿಗ್ರಿಗೆ ಬಿಸಿ ಮಾಡುತ್ತಾರೆ. ರಬ್ಬರು ಮರಳಿ ಸಿಗುವುದಿಲ್ಲ. ಎಣ್ಣೆ, ಗ್ಯಾಸು ಮತ್ತು ಇದ್ದಿಲಿನಂಥ ಕಪ್ಪು ಪುಡಿ ಸಿಗುತ್ತವೆ. ಆ ಪುಡಿಯಲ್ಲಿ ಸತುವಿನ ಆಕ್ಸೈಡ್, ಗಂಧಕ, ಬೂದಿ ಸೇರಿರುತ್ತವೆ, ಹೊಸ ಕಾರ್ಬನ್ ಬ್ಲ್ಯಾಕ್‌ನ ಜಾಗಕ್ಕೆ ಅದನ್ನು ನೇರವಾಗಿ ಹಾಕಲಾಗದು. ಎಣ್ಣೆ ಬೇಗ ಹೊತ್ತಿಕೊಳ್ಳುತ್ತದೆ. ಸಣ್ಣ ಘಟಕ ತಾನೇ ಕೈಹಾಕುವ ಕೆಲಸ ಇದಲ್ಲ. ಬೆಂಕಿ, ಸ್ಫೋಟ ಎರಡಕ್ಕೂ ಇದರಲ್ಲಿ ದಾರಿಯಿದೆ.

ಕೊನೆಗೆ ಆ ವಾಸನೆ. ದಯವಿಟ್ಟು ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಕೊಳೆತ ಮೊಟ್ಟೆಯ ವಾಸನೆ ಹೈಡ್ರೋಜನ್ ಸಲ್ಫೈಡ್‌ನದು. ಗಾಳಿಯಲ್ಲಿ ಹತ್ತು ಲಕ್ಷಕ್ಕೆ ನೂರು ಭಾಗದಷ್ಟಾದರೆ ಮೂಗು ಆ ವಾಸನೆಯನ್ನು ಹಿಡಿಯುವುದನ್ನೇ ನಿಲ್ಲಿಸುತ್ತದೆ. ವಾಸನೆ ಹೋಯಿತು, ಗಾಳಿ ಸರಿಯಾಯಿತು ಎಂದುಕೊಂಡು ಒಳಗೆ ಹೋದವರು ಕುಸಿದು ಬೀಳುವುದು ಹೀಗೇ. ಅದು ಗಾಳಿಗಿಂತ ಭಾರ, ತಗ್ಗಿನಲ್ಲಿ ನಿಲ್ಲುತ್ತದೆ. ಇನ್ನು ನೈಟ್ರೈಲ್ ಸುಟ್ಟರೆ ಹೈಡ್ರೋಜನ್ ಸಯನೈಡ್ ಬರಬಹುದು. ಕ್ಲೋರಿನ್ ಇರುವ ನಿಯೋಪ್ರೀನ್ ರಬ್ಬರು ಸುಟ್ಟರೆ ಹೈಡ್ರೋಕ್ಲೋರಿಕ್ ಆಮ್ಲದ ಹೊಗೆ. ಫ್ಲೋರೋರಬ್ಬರಿನ ಓ-ರಿಂಗ್ ಕಣ್ತಪ್ಪಿ ಸೇರಿದ್ದರೆ ಅತಿ ಬಿಸಿಗೆ ಹೈಡ್ರೋಫ್ಲೋರಿಕ್ ಆಮ್ಲ, ಅದು ಚರ್ಮದ ಒಳಗಿಳಿದು ಎಲುಬಿನವರೆಗೂ ಹಾನಿ ಮಾಡುತ್ತದೆ. ಹೊಗೆ ಹೊರಗೆಳೆದು ತೊಳೆಯುವ ವ್ಯವಸ್ಥೆಯಿಲ್ಲದ ಓವನ್ನಿನಲ್ಲಿ ಈ ಪ್ರಯೋಗವನ್ನು ಮತ್ತೆ ಮಾಡಬೇಡಿ. ಬಿಸಿ ಪುಡಿಯನ್ನು ರಾಶಿ ಹಾಕಿ ಬಿಟ್ಟು ಹೋಗಲೂಬೇಡಿ. ರಾಶಿಯೊಳಗಿನ ಬಿಸಿ ಹೊರಗೆ ಹೋಗದೆ, ಗಾಳಿ ತಾಗಿ ಇನ್ನೂ ಏರಿ, ಗಂಟೆಗಳ ನಂತರ ತಾನಾಗಿಯೇ ಹೊತ್ತಿಕೊಂಡ ರಾಶಿಗಳಿವೆ. ತೆಳುವಾಗಿ ಹರಡಿ, ಪೂರ್ತಿ ತಣಿದ ಮೇಲೆ ಚೀಲಕ್ಕೆ ತುಂಬಿಸಿ.

ಓವನ್ನಿನಲ್ಲಿ ಗಟ್ಟಿಯಾದ ಆ ಟ್ರೇಯ ಮಾಲನ್ನು ಪುಡಿ ಮಾಡಲು ಹೋಗಬೇಡಿ. ಅದು ಸುಲಭವಾಗಿ ಪುಡಿಯಾಗುತ್ತದೆ, ಅದೇ ಆಸೆ ಹುಟ್ಟಿಸುತ್ತದೆ. ಆದರೆ ಅದರ ಸ್ಥಿತಿಸ್ಥಾಪಕ ಗುಣ ಹೋಗಿದೆ, ಮ್ಯಾಟಿನೊಳಗೆ ಅದು ಬರೀ ಗಟ್ಟಿ ಕಣವಾಗಿ ಕೂರುತ್ತದೆ. ಬಿಸಿ ತಾಗದ ಫ್ಲ್ಯಾಶ್‌ನಿಂದ ಶುರು ಮಾಡಿ, ಮೊದಲು ಎಸ್‌ಬಿಆರ್ ಮ್ಯಾಟಿನ ಒಂದೇ ಬ್ಯಾಚಿಗೆ 5 ಭಾಗ ಹಾಕಿ. ಆ ಬ್ಯಾಚಿನ ರಿಯೋಮೀಟರ್ ಗೆರೆಯನ್ನು ಪುಡಿಯಿಲ್ಲದ ಬ್ಯಾಚಿನ ಗೆರೆಯ ಮೇಲಿಟ್ಟು ಹೋಲಿಸಿ. ಸ್ಕಾರ್ಚ್ ಎಷ್ಟು ಮುಂದೆ ಬಂತು, ಗರಿಷ್ಠ ಟಾರ್ಕ್ (ತಿರುಚುವ ಬಲ) ಎಷ್ಟು ಇಳಿಯಿತು ಎಂದು ಗೊತ್ತಾದರೆ ಗಂಧಕವನ್ನು ಎಷ್ಟು ಸರಿಪಡಿಸಬೇಕು ಎಂದು ಲೆಕ್ಕ ಹಾಕಬಹುದು. ಆ ಎರಡು ಗೆರೆ ಮತ್ತು ನಿಮ್ಮ ಕಾಂಪೌಂಡಿನ ವಿವರ ಕಳಿಸಿದರೆ ಮುಂದಿನದನ್ನು ನೋಡಿ ಹೇಳುತ್ತೇನೆ.